ರಾಜೀನಾಮೆ ಕೊಟ್ಟ ಮಂತ್ರಿ

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಮಂಗಳೂರು ಕಡೆಯ ಗಂಡ ಹೆಂಡತಿ ಕುಳಿತಿದ್ದರು. ಗಂಡನ ತೊಡೆಯ ಮೇಲೆ ಬ್ರಿಟನ್ನಿನ ಒಬ್ಬ ಮಂತ್ರಿಯ ಜೀವನಚರಿತ್ರೆ ಇತ್ತು. ನಾನು ಮೊಬೈಲ್ ನೋಡುವವಳಂತೆ ತಲೆ ತಗ್ಗಿಸಿದೆ.

“ಸುಳ್ಳು ಹೇಳ್ಲಿಕ್ಕೆ ಒಪ್ಪದೆ ಈ ಜನ ಮಂತ್ರಿ ಪದವಿಗೇ ರಾಜೀನಾಮೆ ಕೊಟ್ಟಿದ್ದಾನೆ, ಶರ್ಮಿಳಾ.”

“ಕೊಡ್ಲಿ ಮಾರಾಯ್ರೆ. ಅವನ ವೀಸಾ ಕ್ಯಾನ್ಸಲ್ ಆಯ್ತಾ?”

“ಅವನಿಗೆ ಅದು ಸ್ವಂತ ದೇಶ ಅಲ್ವಾ?”

“ಅದೇ ನಾನು ಹೇಳೂದು! ನೀವು ಕೆಲಸ ಬಿಟ್ರೆ ನಾವು ಮೂವರೂ ಗಂಟುಮೂಟೆ ಕಟ್ಬೇಕು. ಮಗಳಿಗೆ ಬರುವ ತಿಂಗಳು ಹತ್ತನೇ ಕ್ಲಾಸಿನ ಪರೀಕ್ಷೆ.”

“ಅವನೂ ಮುಂದಿನ ಚುನಾವಣೆ ಸೋತ. ಹತ್ತು ವರ್ಷದ ಮೇಲೆ ಪುನಃ ಮಂತ್ರಿ ಆದ.”

“ಆ ಹತ್ತು ವರ್ಷ ಹೆಂಡತಿ ಮನೆ ಹೇಗೆ ನಡೆಸಿದ್ಲಂತೆ?”

“ಅದು ಇದ್ರಲ್ಲಿ ಬರೆದಿಲ್ಲ.”

“ಬರೆಯೂದಿಲ್ಲ! ಒಂದು ಸ್ಟಿಕ್ಕರ್ ಹಚ್ಲಿಕ್ಕೆ ನಿಮ್ಮದು ಇಷ್ಟು ರಾಮಾಯಣ.”

“ತಾರೀಕು ಮುಗಿದ ಡಬ್ಬಿಗೆ ಹೊಸ ತಾರೀಕು ಹಚ್ಚು ಅಂತಾನೆ ಗೋಡೌನಿನ ಮ್ಯಾನೇಜರ್.”

“ಎಂತದ್ರ ಡಬ್ಬಿ ಅದು?”

“ಸಣ್ಣ ಮಕ್ಕಳ ಹಾಲಿನ ಪುಡಿ.”

ಬಸ್ಸು ಬಂತು. ಅವಳು ಪುಸ್ತಕವನ್ನು ಅವನ ಕೈಯಿಂದ ಕಿತ್ತು ತನ್ನ ಚೀಲಕ್ಕೆ ತುರುಕಿ ಎದ್ದಳು.

“ಯಲ್ಲಾ, ಹೊರಡುವ, ಬಸ್ಸು ಹತ್ತಿ. ಊರಿಗೆ ಹೋಗುವ ವಿಷಯ ಮಗಳಿಗೆ ಮಾತ್ರ ನೀವೇ ಹೇಳ್ಬೇಕು. ನನ್ನಿಂದ ಆಗೂದಿಲ್ಲ.”