ಹದಿನಾಲ್ಕು ಇಂಚಿನ ಮೂತಿ

ಬಾಗ್ಲು ಹಾಕ್ಬೇಡಿ ಸಾಕಮ್ಮಕ್ಕ! ಹತ್ತೇ ನಿಮಿಷ. ಕಾರ್ಪೆಟ್ ಮೆಷಿನ್ ಆಟೋದಿಂದ ಇಳಿಸಿ ಆಯ್ತು... ಕರೆಂಟ್ ಬಿಲ್ಲು ಏರಲ್ಲ, ಹೆದರ್ಬೇಡಿ.

ವಿಷಯ ಕೇಳ್ದಾಗಿಂದ ನಂಗೂ ಸಮಾಧಾನ ಇಲ್ಲ. ಒಂಬತ್ತು ವರ್ಷ ಈ ಹದಿನಾರು ಊರಿಂದ ದಿನಾ ನಂಜನಗೂಡಿಗೆ ಬಸ್ಸಲ್ಲಿ ಹೋಗಿ ಆ ಕಲ್ಯಾಣ ಮಂಟಪ ಗುಡಿಸಿದ್ರಿ. ನಿಶ್ಚಿತಾರ್ಥಕ್ಕೆ ಬಂದ ಬೀಗರು ಕೆಂಪು ಕಾರ್ಪೆಟ್ ಮೇಲೆ ಕೂತ್ರು, ಬಿಳಿ ಪಂಚೆಯೆಲ್ಲ ಕೆಂಪಾಯ್ತು. ಸಾಕಮ್ಮ ಬಕೆಟ್ ಚೆಲ್ಲಿದ್ಲು, ನಾಳೆಯಿಂದ ಬರೋದು ಬೇಡ ಅಂದ್ಬಿಟ್ರು ಓನರ್... ಮುಗೀತು! ಅದಕ್ಕೇ ಬಂದೆ. ನನ್ನ ಜೊತೆ ಕೆಲ್ಸಕ್ಕೆ ಬನ್ನಿ. ನಂಜನಗೂಡು, ನರಸೀಪುರ, ಎಲ್ಲಾ ಕಡೆ ಕಾರ್ಪೆಟ್ ತೊಳಿಯೋ ಆರ್ಡರ್ ಇದೆ. ಕಲಿಸ್ತೀನಿ.

ಯಾಕೆ ನಗ್ತೀರ? ಬಿ.ಎಸ್ಸಿ ಓದಿ ಕಾರ್ಪೆಟ್ ತೊಳಿಯೋ ಮಹೇಂದ್ರ ನಂಗೆ ಮೇಷ್ಟ್ರಾ ಅಂತಾನಾ? ನಗಿ, ನಗಿ. ಮೊದ್ಲು ಇಲ್ಲಿ ನೋಡಿ.

ನೀರು ಎಳೆಯೋ ಪೈಪಿನ ತುದಿಗೆ ಹಾಕೋ ಮೂತಿ ಇವು. ಇದು ಹತ್ತು ಇಂಚು, ಇದು ಹದಿನಾಲ್ಕು. ಯಾವುದು ಚೆನ್ನಾಗಿ ಎಳೆಯುತ್ತೆ?... ಅಗಲದ್ದು ತೋರ್ಸಿದ್ರಿ! ಎಲ್ರೂ ಅದನ್ನೇ ತೋರಿಸ್ತಾರೆ. ಬೇಗ ಮುಗಿಯುತ್ತೆ, ನಿಜ. ಆದ್ರೆ ಮೋಟ್ರು ಅದೇ ಅಲ್ವಾ? ಬಾಯಿ ಅಗಲ ಆದಷ್ಟೂ ಎಳೆತ ಕಮ್ಮಿ. ನೀರು ಬುಡದಲ್ಲೇ ಉಳಿಯುತ್ತೆ.

ನಂಬಿಕೆ ಇಲ್ವಾ? ಒಂದು ಚೊಂಬು ನೀರು ಕೊಡಿ. ಈ ತುಂಡಿನ ಮೇಲೆ ಸುರೀತೀನಿ... ಹೂಂ, ನಿಮ್ಮ ಮಂಟಪದ್ದೇ ಕಾರ್ಪೆಟ್ಟು. ಹಾಳಾಯ್ತು ಅಂತ ಹಿಂದ್ಗಡೆ ಎಸೆದಿದ್ರು.

ಈ ಅರ್ಧಕ್ಕೆ ಹತ್ತು ಇಂಚಿಂದು. ನಿಧಾನ... ಒಂದ್ಸಲ ಎಳೆದು, ಮತ್ತೆ ಎರಡ್ಸಲ. ಕೈ ಒತ್ತಿ ನೋಡಿ. ಬರೀ ತಂಪು, ಅಷ್ಟೇ. ಈಗ ಆ ಅರ್ಧಕ್ಕೆ ಅಗಲದ್ದು... ಒಂದೇ ಸಲ. ಮೇಲೆ ನೋಡೋಕೆ ಒಣಗಿದ ಹಾಗೇ ಇದೆ. ಒತ್ತಿ. ಇನ್ನೂ ಜೋರಾಗಿ, ಮನುಷ್ಯ ಕೂತಷ್ಟು ಭಾರ ಹಾಕಿ...

ನೋಡಿದ್ರಾ! ಅಂಗೈಯೆಲ್ಲ ಕೆಂಪು. ಬುಡದಲ್ಲಿ ನೀರು ನಿಂತ್ರೆ ಬಣ್ಣ ಬಿಡುತ್ತೆ. ಆವತ್ತು ಪಂಚೆಗೂ ಹೀಗೇ...

ಅಲ್ಲ. ಆವತ್ತಿಂದು ಬೇರೆ. ಆವತ್ತು ಬಕೆಟ್ ಉರುಳಿತ್ತಲ್ಲ... ಓನರ್ ಚಂದ್ರಶೇಖರ್ ಅವ್ರೇ ಅಂದಿದ್ದು. ನಂಗೇನು ಗೊತ್ತು?

ಏನಕ್ಕ? ಮೆಷಿನ್ ಆಫ್ ಮಾಡ್ದೆ, ಈಗ ಕೇಳ್ಸುತ್ತೆ. ಹೇಳಿ.

ಮೂತಿ ಕಡೆ ನೋಡ್ತಿದ್ದೀರ... ಆವತ್ತು ಅಲ್ಲಿ ತೊಳೆಯೋವಾಗ ನಾನು ಯಾವುದು ಹಾಕಿದ್ದೆ ಅಂತಾನಾ?... ಬಾಯಿ ಬಿಟ್ಟು ಕೇಳಿ ಅಕ್ಕ, ಹಾಗೆ ಕೈ ಚಾಚ್ಕೊಂಡು ನಿಲ್ಬೇಡಿ. ಒರೆಸ್ಕೊಳ್ಳಿ. ಇಗೋ ಬಟ್ಟೆ... ತಗೊಳ್ಳಿ ಅಂದ್ನಲ್ಲ!

ನಿಶ್ಚಿತಾರ್ಥ ಹತ್ತಕ್ಕೆ. ನಾನು ಬಂದಿದ್ದೇ ಏಳೂವರೆಗೆ. ಚಿಕ್ಕದು ಹಾಕಿದ್ರೆ ಮುಗೀತಿರ್ಲಿಲ್ಲ. ಗೊತ್ತಿತ್ತು... ಗೊತ್ತಿತ್ತು ಅಕ್ಕ. ಒಂದೇ ಸಲ ಎಳೆದು ಫ್ಯಾನ್ ಹಾಕಿದೆ. ಬೀಗರು ಪಂಚೆ ಹಿಡ್ಕೊಂಡು ಎದ್ದು ನಿಂತಾಗ ಓನರ್ ನನ್ನ ಕಡೆ ತಿರುಗಿದ್ರು. ನೀವು ಬಾಗ್ಲಲ್ಲಿ ನಿಂತಿದ್ರಿ, ಕೈಯಲ್ಲಿ ಬಕೆಟ್ಟು. ಬಾಯಿಗೆ ಬಂದಿದ್ದು ಅದೊಂದೇ, ಸಾಕಮ್ಮ ಬಕೆಟ್ ಚೆಲ್ಲಿದ್ಲು ಅಂತ...

ಬೈಯಿರಿ. ಏನಾದ್ರೂ ಅನ್ನಿ.

ಕೈ ಇಳಿಸಿ ಅಕ್ಕ...

ಬಕೆಟ್ ಒಣಗಿತ್ತು. ನಾನು ನೋಡಿದ್ದೆ.