ರಟ್ಟಿನ ಕಿರೀಟದ ಅರಸ, ನಮ್ಮ ಬಾಬಾ ಗುಗುರು

ಮುಷಿನ್ ಪೇಟೆಯ ಮಹಾಜನರೇ! ಹಿರಿಯರೇ, ತಾಯಂದಿರೇ, ಒಂದು ಕಾಲದಲ್ಲಿ ನಮ್ಮ ನಾಟಕಕ್ಕೆ ಟಿಕೆಟ್ಟಿಲ್ಲದೆ ಬೇಲಿ ಹಾರಿ ಬಂದು, ಈಗ ಹೊಟ್ಟೆ ಬೆಳೆಸಿಕೊಂಡು ಮುಂದಿನ ಸಾಲಿನಲ್ಲಿ ಗಂಭೀರವಾಗಿ ಕೂತಿರುವ ಮಹನೀಯರೇ! ಮತ್ತು ಇಯಾ ಫೆಯಿಸಾರ — ತೀರಿಕೊಂಡ ನನ್ನ ಗೆಳೆಯನ ಬಾಳಸಂಗಾತಿ, ಫೆಯಿಸಾರಳ ತಾಯಿ — ನಿಮಗೆ ಈ ಮುದುಕ ತಲೆ ಬಾಗಿದ್ದಾನೆ.

ಮೈಕು ಬೇಡ. ತೆಗೆಯಯ್ಯ ಅದನ್ನು ಆಚೆಗೆ. ಅಗೊಗೊ ನಾಟಕ ಮಂಡಳಿಯಲ್ಲಿ ಜೀವಮಾನವಿಡೀ ಅರಸನ ಪಾತ್ರ ಮಾಡಿದವನು ನಾನು. ನನ್ನ ದನಿ ಹಿಂದೆ ಜೊಲ್ಲೊಫ್ ಅನ್ನ ಬೇಯಿಸುತ್ತಿರುವವರಿಗೂ ಕೇಳುತ್ತದೆ.

ಮಹಾಜನರೇ, ನಾನು ಇಲ್ಲಿಗೆ ಅಳಲು ಬಂದಿದ್ದೆ. ಅಳು ಬರುತ್ತಿಲ್ಲ. ಉಗುಳು ಬರುತ್ತಿದೆ. ಥೂ! — ಕ್ಷಮಿಸಿ, ಪಾದ್ರಿಗಳೇ. ಯಾಕೆಂದು ಹೇಳುತ್ತೇನೆ. ಮೊದಲು ಅವನ ಮಾತು.

ಲಾನಿಯೋನು ಎಂದರೆ ಈ ಪೇಟೆಯಲ್ಲಿ ಯಾರಿಗೆ ಗೊತ್ತು? ಬಾಬಾ ಗುಗುರು ಎನ್ನಬೇಕು. ಗುಗುರು ಎಂದರೆ ಜೋಳದ ಅರಳು; ಅರಳು ಹುರಿದಂತೆ ಸಿಡಿಯುತ್ತಿದ್ದ ಅವನ ಮಾತಿಗೆ ಜನರೇ ಇಟ್ಟ ಹೆಸರು ಅದು. ನಾನು ಅರಸ, ಅವನು ವಿದೂಷಕ. ನಾನು ಸಿಂಹಾಸನದ ಮೇಲೆ, ಅವನು ನನ್ನ ಕಾಲ ಬಳಿ. ನಾನು ಗುಡುಗುತ್ತಿದ್ದೆ — ಜನ ಸುಮ್ಮನಿರುತ್ತಿದ್ದರು. ಅವನು ಒಂದು ಹುಬ್ಬು ಏರಿಸುತ್ತಿದ್ದ — ಡೇರೆಯೇ ಬಿದ್ದುಹೋಗುವಂತೆ ನಗುತ್ತಿದ್ದರು!

ಮಂಡಳಿ ಮುಚ್ಚಿತು. ನಾನು ಮನೆ ಸೇರಿ ಗೊಣಗುತ್ತಾ ಕೂತೆ. ಅವನು? ಮಗಳ ಇಂಟರ್ನೆಟ್ ಕೆಫೆಯ ಮೂಲೆಯಲ್ಲಿ ಹೊಸ ರಂಗಮಂದಿರ ತೆರೆದ. ನಮ್ಮ ಊರಿನ ಕೆಲವು ಕುಲಪುತ್ರರು ಜಗತ್ತಿಗೆಲ್ಲ ಕಳಿಸುವ ಇಮೇಲುಗಳಿವೆಯಲ್ಲ — ‘ನಿಮ್ಮ ದೂರದ ಬಂಧು ತೀರಿಕೊಂಡಿದ್ದಾರೆ, ಅವರ ಆಸ್ತಿ ನಿಮ್ಮದೇ, ಸ್ವಲ್ಪ ಮುಂಗಡ ಶುಲ್ಕ ಕಳಿಸಿ’ — ಅಂಥವಕ್ಕೆ ಉತ್ತರ ಬರೆಯುತ್ತಿದ್ದ. ಅದಕ್ಕೆಂದು ಒಂದು ಪಾತ್ರವನ್ನೂ ಕಟ್ಟಿಕೊಂಡಿದ್ದ: ಕಿವಿ ಮಂದವಾದ, ಮುಂಗೋಪದ, ಹಳೇ ಕಾಲದ ಹಳ್ಳಿಯ ಅರಸ. ಒಂದು ದಿನ ನನ್ನ ಮನೆಗೆ ಬಂದು ನನ್ನ ಕಿರೀಟ ಕೇಳಿದ.

“ಯಾತಕ್ಕೋ ಗುಗುರು?”

“ಲಂಡನ್ ಬ್ಯಾರಿಸ್ಟರ್ ಒಬ್ಬ ನನ್ನ ಫೋಟೋ ಕೇಳಿದಾನೆ ಕಣೋ ರಾಜ. ಅರಸನಾದೋನು ಬರಿತಲೇಲಿ ನಿಂತ್ಕೊಳ್ಳೋಕಾಗುತ್ತಾ?”

ರಟ್ಟು, ಗೋಂದು, ಸೋಡಾ ಬಾಟಲಿಯ ಮುಚ್ಚಳ, ಅದರ ಮೇಲೆ ಪ್ಲಾಸ್ಟಿಕ್ ಮಣಿ — ಇಷ್ಟೇ ನನ್ನ ಕಿರೀಟ. ಅದನ್ನಿಟ್ಟುಕೊಂಡು ಫೋಟೋ ತೆಗೆಸಿಕೊಂಡು ಕಳಿಸಿದ. ಬ್ಯಾರಿಸ್ಟರ್ ವಿಲಿಯಂ ಸಾಹೇಬರು ಕೂಡಲೇ ಶುಲ್ಕ ಕೇಳಿದರು. ನಮ್ಮವನು ಏನು ಬರೆದ ಗೊತ್ತೇ? ನಮ್ಮ ಯೊರೂಬಾ ಮಾತಿನಲ್ಲೇ ಬರೆದ — “ಅಯ್ಯಾ ಹುಡುಗಾ! ಹಿರಿಯನ ಹತ್ರ ಮಾತಾಡೋ ರೀತಿಯೇ ಇದು? ಬೆಳಗಾಗಿದೆ, ಹೇಗೆ ಎದ್ದೆ ಅಂತ ಕೇಳ್ಲಿಲ್ಲ. ನನ್ನ ಹೆಂಡ್ತಿ ಹೇಗಿದಾಳೆ ಅಂತ ಕೇಳ್ಲಿಲ್ಲ. ನನ್ನ ಮಂಡಿನೋವು ಕೇಳ್ಲಿಲ್ಲ, ನನ್ನ ಆಡು ಮರಿ ಹಾಕ್ತಾ ಕೇಳ್ಲಿಲ್ಲ. ನಿನ್ನನ್ನ ಹೆತ್ತವಳು ಇದನ್ನೇ ಕಲಿಸಿದ್ದಾ?”

ಉತ್ತರ ಬಂತು, ಮಹಾಜನರೇ! ಲಂಡನ್ನಿನ ಬ್ಯಾರಿಸ್ಟರಿಂದ ಉತ್ತರ ಬಂತು! ಅದೂ ನಮ್ಮ ಮಾತಿನಲ್ಲೇ! “ತಪ್ಪಾಯ್ತು ಬಾಬಾ, ಸಿಟ್ಟು ಮಾಡ್ಕೋಬೇಡಿ. ಉದ್ದಕ್ಕೆ ಅಡ್ಡಬಿದ್ದಿದೀನಿ. ನಿಮ್ಮ ಮಂಡಿ ಹೇಗಿದೆ?”

ನಗಿ, ನಗಿ. ಅವನು ಕುರ್ಚಿಯಿಂದ ಕೆಳಗೆ ಬಿದ್ದು ನಕ್ಕಿದ್ದ. ಲಂಡನ್ನಿನ ಯಾವ ಬ್ಯಾರಿಸ್ಟರು — ಯಾವ ಬ್ಯಾರಿಸ್ಟರು! — ಹಿರಿಯ ಗದರಿದ ಕೂಡಲೇ ಎದೆ ಮಣ್ಣಾಗುವಂತೆ ನೆಲಕ್ಕೆ ಬೀಳುತ್ತಾನೆ? ಹೆತ್ತವಳು ಕಲಿಸಿದ್ದಳು, ಸ್ವಾಮಿ. ಚೆನ್ನಾಗಿಯೇ ಕಲಿಸಿದ್ದಳು. ಆದರೆ ಆ ಪತ್ರದ ಕೊನೆಯ ಸಾಲು ಕೇಳಿ — “ಆಶೀರ್ವಾದ ಮಾಡಿ ಬಾಬಾ. ಶುಲ್ಕ ಮಾತ್ರ ಇವತ್ತೇ ಕಳಿಸಿ.”

ಥೂ! ಅಡ್ಡಬಿದ್ದಲ್ಲಿಂದಲೇ ಕೈ ನಮ್ಮ ಜೇಬಿಗೆ! ಕಳ್ಳತನಕ್ಕಿಂತ ಇದು ನನಗೆ ಹೆಚ್ಚು ಓಕರಿಕೆ ತರುತ್ತದೆ.

ನಾನು ಬೈದೆ. “ಲೇ ಗುಗುರು, ಕೊಚ್ಚೆಗೆ ಯಾಕೋ ಕೈ ಹಾಕ್ತೀಯ? ಅಳಿಸಿ ಬಿಸಾಕು.” ಆಗ ಅವನು ಹೇಳಿದ ಮಾತಿಗಾಗಿಯೇ ನಾನು ಇವತ್ತು ಎದ್ದು ನಿಂತಿರುವುದು. ಕೇಳಿಸಿಕೊಳ್ಳಿ.

“ನಾಟಕದಲ್ಲಿ ನನ್ನ ಕೆಲ್ಸ ಏನಾಗಿತ್ತೋ ರಾಜ? ಖಳ ಕತ್ತಿ ಹಿಡ್ಕೊಂಡು ನುಗ್ಗಿದಾಗ ನೀನು ಪರದೆ ಹಿಂದೆ ಚಹಾ ಕುಡೀತಿದ್ದೆ. ನಾನು ಅವನ ಕಾಲಿಗೆ ತೊಡರಿಕೊಂಡು ಏನೇನೋ ಒದರ್ತಿದ್ದೆ. ಯಾಕೆ? ರಾಣಿ ಹಿಂಬಾಗಿಲಿಂದ ಪಾರಾಗ್ಲಿ ಅಂತ. ಈಗ್ಲೂ ಅದೇ ಪಾರ್ಟು ಕಣೋ. ಈ ಬೋಳೀಮಗ ನನ್ನ ಆಡಿನ ಕ್ಷೇಮ ವಿಚಾರಿಸೋ ಹೊತ್ತಲ್ಲಿ ಎಲ್ಲೋ ಒಬ್ಬಳು ರಾಣಿ ಪಾರಾಗ್ತಿರ್ತಾಳೆ.”

ಅಂಥವನು ಹೋದ. ಮನೆಯವರು ನಮ್ಮ ಪದ್ಧತಿಯಂತೆ ಮರಣವಾರ್ತೆ ಅಚ್ಚು ಹಾಕಿಸಿ ಬೀದಿ ಬೀದಿಯ ಗೋಡೆಗೆ ಅಂಟಿಸಿದರು. ಫೋಟೋ ಯಾವುದು? ಜೀವನವಿಡೀ ವೇಷಕ್ಕೆಂದು ಮುಖಕ್ಕೆ ಮಸಿ ಬಳಿದುಕೊಂಡವನಿಗೆ ಚೆಂದದ ಫೋಟೋ ಅದೊಂದೇ — ನನ್ನ ಕಿರೀಟದ್ದು. ಹೊರಗೆ ನೋಡಿದ್ದೀರಿ ಎಲ್ಲರೂ.

ನೀವಷ್ಟೇ ಅಲ್ಲ ನೋಡಿದ್ದು! ಆ ಇಮೇಲು ಕಳಿಸುವ ಹುಡುಗರೂ ನೋಡಿದರು. ನಾಟಕವೆಂದರೆ ಏನೆಂದು ಕಾಣದ ಪೀಳಿಗೆ. ಕಿರೀಟ ಕಂಡಿತು, ಅರಸ ಎಂದುಕೊಂಡರು. ಗೋಡೆಯ ಮೇಲಿನ ಸತ್ತವನ ಫೋಟೋವನ್ನು — ಶವ ಇನ್ನೂ ಮಣ್ಣು ಸೇರಿರಲಿಲ್ಲ, ಮಹಾಜನರೇ, ಮಣ್ಣು ಸೇರಿರಲಿಲ್ಲ! — ತೆಗೆದು ಜಗತ್ತಿಗೆ ಕಳಿಸಿದರು. ‘ನಾನು ದಿವಂಗತ ಮಹಾರಾಜ ಲಾನಿಯೋನು ಅವರ ನೊಂದ ವಿಧವೆ. ಪತಿಯವರು ಚಿನ್ನದ ಪೆಟ್ಟಿಗೆಗಳನ್ನು ಬಿಟ್ಟುಹೋಗಿದ್ದಾರೆ. ದುಷ್ಟ ಬಂಧುಗಳು ನನ್ನನ್ನು ಕೂಡಿಹಾಕಿದ್ದಾರೆ. ಬಿಡುಗಡೆಯ ಶುಲ್ಕ ತರುವ ದೈವಭಕ್ತರಿಗೆ ಅರ್ಧ ಚಿನ್ನ.’

ಇಯಾ ಫೆಯಿಸಾರ, ನೀವು ಮುಖ ಮುಚ್ಚಿಕೊಳ್ಳಬೇಡಿ. ಮುಖ ಮುಚ್ಚಿಕೊಳ್ಳಬೇಕಾದವರು ಬೇರೆ ಇದ್ದಾರೆ.

ಸೋಮಾರಿ ಕಳ್ಳರು ನೋಡಿ. ಮೇಲಿನ ‘ಹಾಸ್ಯನಟ’ ಎಂಬ ಸಾಲನ್ನು ಕತ್ತರಿಸಿದವರಿಗೆ ಕೆಳಗೆ ಅಚ್ಚಾಗಿದ್ದ ಈ ಮನೆಯ ಫೋನ್ ನಂಬರು ಕಾಣಲಿಲ್ಲ. ನಿನ್ನೆ ಆ ನಂಬರಿಗೆ ಕರೆ ಬಂತು. ಘಾನಾ ದೇಶದ ಕಡಲ ತಡಿಯಿಂದ, ಕ್ವಾನ್ಸಿಮಾ ಎಂಬ ಹೆಂಗಸು, ಹೊಗೆಮೀನು ಮಾರುವವಳು. ನೊಂದ ವಿಧವೆಗೆ ಎರಡು ಸಮಾಧಾನದ ಮಾತು ಹೇಳೋಣವೆಂದು ಮಾಡಿದ್ದಳು. ನಾನು ಪಕ್ಕದಲ್ಲೇ ಇದ್ದೆ.

“ಅಮ್ಮಾ, ಊಟ ಮಾಡಿದ್ರಾ? ಅಳ್ಬೇಡಿ. ಪಾಪಿಗಳು, ಕೂಡಿಹಾಕಿದಾರಂತಲ್ಲ! ನಾನು ಬರ್ತಿದೀನಿ. ದೋಣಿ ಮಾರಿಬಿಟ್ಟೆ.”

“ಯಾವ ದೋಣಿ ತಾಯಿ? ಯಾರು ನೀವು? ನನ್ನ ಗಂಡ ನಾಟಕದೋರು. ನಮ್ಮನೇಲಿ ಚಿನ್ನ ಎಲ್ಲಿಂದ ಬರ್ಬೇಕು? ಬರ್ಬೇಡಿ, ದಮ್ಮಯ್ಯ, ಬರ್ಬೇಡಿ!”

ಆ ಕಡೆ ದನಿ ಏರಿತು —

“ಓಹೋ! ನೀನೇನಾ ಆ ದುಷ್ಟ ನಾದಿನಿ? ಚಿನ್ನಾನೇ ಇಲ್ಲ ಅಂತ ನೀನು ಕಂಡೋರ ಹತ್ರ ಒದರ್ತೀಯ ಅಂತ ಆಯಮ್ಮ ಮೊದ್ಲೇ ಬರೆದಿದ್ಲು. ನಾಳಿದ್ದು ಬೆಳಗಿನ ಬಸ್ಸಿಗೆ ಬಂದೇ ಬರ್ತೀನಿ, ಏನ್ ಮಾಡ್ಕೋತೀಯೋ ಮಾಡ್ಕೋ!”

ಫೋನು ಕುಕ್ಕಿದಳು. ಮತ್ತೆ ಮಾಡಿದರೆ ಎತ್ತುವುದಿಲ್ಲ.

ಈಗ ನೀವು ಯಾರೂ ನಗುತ್ತಿಲ್ಲ. ಒಳ್ಳೆಯದು.

ಆ ನಾಳಿದ್ದು ಎಂದರೆ ನಾಳೆ, ಮಹಾಜನರೇ. ನಿಜ ಹೇಳಿದವರನ್ನೆಲ್ಲ ಕಳ್ಳರು ಎಂದು ನಂಬುವಂತೆ ಅವಳನ್ನು ತಯಾರು ಮಾಡಿದ್ದಾರೆ. ಬಸ್ ನಿಲ್ದಾಣದಲ್ಲಿ ಬಾಡಿಗೆ ಕಾರು ಕಾಯುತ್ತಿರುತ್ತದೆ. ಕಪ್ಪು ಕನ್ನಡಕದ ಹುಡುಗರು ‘ಅಮ್ಮಾ’ ಎಂದು ಅವಳ ಕಾಲಿಗೂ ಬೀಳುತ್ತಾರೆ — ಚೆನ್ನಾಗಿ ಬೀಳುತ್ತಾರೆ, ಕಲಿತಿದ್ದಾರಲ್ಲ! ಅವಳು ದೋಣಿ ಮಾರಿದ ಗಂಟನ್ನು ಸೆರಗಿನಿಂದ ಬಿಚ್ಚಿ ಕೊಡುತ್ತಾಳೆ. ಹಾಗೆ ಬಿಚ್ಚಿಸುವುದು ಯಾರ ಮುಖ? ಗುಗುರುವಿನ ಮುಖ! ಜೀವವಿದ್ದಷ್ಟು ದಿನ ರಾಣಿಯರನ್ನು ಪಾರುಮಾಡಿದವನ ಮುಖ!

ನಮ್ಮ ಹುಡುಗರೇ ಅವರು. ಬೇರೆಲ್ಲಿಂದಲೋ ಬಂದವರಲ್ಲ. ಇವತ್ತು ಇಲ್ಲೇ ನಮ್ಮ ಜೊತೆ, ಸತ್ತವನ ಗೌರವಕ್ಕೆಂದು ಒಂದೇ ಥಾನಿನ ನೀಲಿ ಬಟ್ಟೆ ಹೊಲಿಸಿಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದರೂ ಕೂತಿರಬಹುದು. ಕೂತಿದ್ದರೆ ಕೇಳಿ: ನಾನು ಪೊಲೀಸಿನವನಲ್ಲ, ಪಾದ್ರಿಯೂ ಅಲ್ಲ. ನಿಮ್ಮನ್ನು ಕಂಡರೆ ನನಗೆ ಹೇಸಿಗೆ, ಅಷ್ಟೇ. ಇವತ್ತಿನ ಊಟ ಮಾತ್ರ ಉಂಡು ಹೋಗಿ. ಸತ್ತವನ ಮನೆಯ ಅನ್ನ ಯಾರಿಗೂ ಇಲ್ಲವೆನ್ನುವುದಿಲ್ಲ.

ಈಗ ಎಲ್ಲರೂ ಎದ್ದು ನಿಲ್ಲಿ. ಕೈಲಾಗದ ಹಿರಿಯರು ಕೂತೇ ಇರಿ. ಡೋಲಿನವರೇ, ಚರ್ಮದ ಮೇಲಿಂದ ಕೈ ತೆಗೆಯಿರಿ. ಆ ಮಾತಿನ ಮಲ್ಲನಿಗಾಗಿ ನಾವೆಲ್ಲ ಒಂದು ಗಳಿಗೆ ಬಾಯಿ ಮುಚ್ಚೋಣ. ಅವನ ಆ ಹುಬ್ಬು ನೆನಪಾಗಿ ನಗು ಬಂದರೆ ತಡೆದುಕೊಳ್ಳಬೇಡಿ.

ಮೌನ ಮುಗಿದ ಮೇಲೆ ನಾನು ಊಟಕ್ಕೆ ನಿಲ್ಲುವುದಿಲ್ಲ. ಕಿರೀಟದ ಮಣಿಗಳು ಸಡಿಲವಾಗಿವೆ, ಗೋಂದು ಹಚ್ಚಬೇಕು. ನಾಳೆ ಬೆಳಗ್ಗೆ ಘಾನಾದ ಅಕ್ರಾದಿಂದ ಬರುವ ಬಸ್ಸಿನ ಬಾಗಿಲು ತೆರೆಯುವಾಗ ಅದರ ಎದುರಿಗೆ ನಾನು ನಿಂತಿರುತ್ತೇನೆ, ಫೋಟೋದಲ್ಲಿರುವ ಅದೇ ಕಿರೀಟ ಹೊತ್ತು. ಹುಡುಗರು ನುಗ್ಗಿದರೆ ಅವರ ಕಾಲಿಗೆ ತೊಡರಿಕೊಳ್ಳುತ್ತೇನೆ, ಅವರ ಆಡಿನ ಕ್ಷೇಮ ವಿಚಾರಿಸುತ್ತೇನೆ, ಬಾಯಿಗೆ ಬಂದದ್ದನ್ನು ಒದರುತ್ತೇನೆ. ವಿದೂಷಕನ ಪಾತ್ರ ನನಗಿದು ಮೊದಲನೆಯದು. ಆಮೇಲೆ ನನ್ನ ರಟ್ಟಿನ ಅರಸೊತ್ತಿಗೆಯನ್ನು ತಲೆಯಿಂದ ಇಳಿಸಿ ಕ್ವಾನ್ಸಿಮಾಳ ಕೈಗೆ ಕೊಟ್ಟು, “ಮುರಿದು ನೋಡು, ತಾಯಿ,” ಎನ್ನುತ್ತೇನೆ.