ಕಟುಕನ ಮಗಳ ಊಟ

…ನಾನೇ ಕಣೆ, ಅಪ್ಪ! ಬಾಗಿಲು ಬಡೀತಿರೋದು ನಾನೇ, ಬೇರೆ ಯಾರೂ ಅಲ್ಲ. ತೆಗೀಬೇಕಾಗಿಲ್ಲ, ತೆಗೀಬೇಕಾಗಿಲ್ಲ, ನಿಧಾನವಾಗಿ ಬಾ. ನಾನೂ ಕೈ ತೊಳ್ಕೊಳ್ಳೋಣ ಅಂತ ಬಂದೆ, ಅಷ್ಟೆ.

ಏನಂದೆ? ಆ ನಲ್ಲಿ ಸದ್ದಿಗೆ ಒಂದಕ್ಷರ ಕೇಳಿಸ್ತಿಲ್ಲ. "ಹೋಗು" ಅಂದ್ಯಾ, "ಬರ್ತೀನಿ" ಅಂದ್ಯಾ?... ಸರಿ. "ಬರ್ತೀನಿ" ಅಂದೆ ಅಂತಲೇ ಇಟ್ಕೋತೀನಿ.

ಅಲ್ಲಿ ನಮ್ಮ ಮೇಜಲ್ಲಿ ಏನಾಗ್ತಿದೆ ಗೊತ್ತಾ? ನೀನು ಎದ್ದು ಬಂದ ಮೇಲೆ ಒಳ್ಳೆ ತಮಾಷೆ. ನಿನ್ನ ಅಜ್ಜಿ ಆ ಚೀಸನ್ನ... ಚೀಸಲ್ಲದ ಚೀಸು, ಗೋಡಂಬಿ ರುಬ್ಬಿ ಮಾಡಿದ್ದು ಅಂದ್ಯಲ್ಲ, ಅದನ್ನ ಬಾಯಿಗಿಟ್ಟು, ಅದು ಹಲ್ಲಿನ ಸೆಟ್ಟಿಗೆ ಅಂಟಿ, ಸೆಟ್ಟೇ ಕೈಗೆ ಬಂತು! "ಹಾಲಿಲ್ಲದ ಚೀಸಂತೆ, ಮೊಟ್ಟೆಯಿಲ್ಲದ ಕೇಕಂತೆ, ಈಗ ಹಲ್ಲಿಲ್ಲದ ಬಾಯಿ, ಜೋಡಿ ಸರಿಹೋಯ್ತು" ಅಂತಾಳೆ. ಬಡಿಸೋನು ಪಾಪ, ನಗೋ ಹಾಗೂ ಇಲ್ಲ, ಬಿಡೋ ಹಾಗೂ ಇಲ್ಲ. ನಿನ್ನ ಚಿಕ್ಕಪ್ಪ ಸುಮ್ಮನಿರ್ತಾನಾ? "ಹುಲಿ ಹಸಿದ್ರೂ ಹುಲ್ಲು ತಿನ್ನಲ್ಲ ಅಂತ ಗಾದೆ. ನಮ್ಮಣ್ಣನ್ನ ನೋಡಿ! ಊರಿಗೆಲ್ಲ ಮಾಂಸ ಕಡಿದು ಕೊಡೋನು, ರಜೆ ದಿನ ಸಂಸಾರ ಸಮೇತ ಬಂದು, ದುಡ್ಡು ಕೊಟ್ಟು ಹುಲ್ಲು ಮೇಯ್ತಿದಾನೆ" ಅಂತ ಹೋಟೆಲಿಗೆಲ್ಲ ಕೇಳೋ ಹಾಗೆ ಅಂದ. ಪಕ್ಕದ ಮೇಜಿನ ಹೆಂಗಸು ನನ್ನ ಕೈ ನೋಡಿ, ಕುರ್ಚಿ ಒಂಚೂರು ಆಚೆ ಜರುಗಿಸ್ಕೊಂಡ್ಲು ಕಣೆ! ಅಲ್ಲಾ, ನಾನು ಅವಳ ಮೂಲಂಗೀನ ಕಡಿದು ಬಿಡ್ತೀನಾ?

ನಗ್ತಿದೀಯಾ? ಯಾಕೆ ನಗ್ತೀಯೇ?... ನಗು ಅಲ್ವಾ ಅದು. ಕೆಮ್ಮಾ?... ಹೂಂ. ಕೆಮ್ಮು. ನೀರು ಕುಡಿ, ನೀರು.

ಆಂ? ಇಲ್ಲಮ್ಮ, ಒಳಗೆ ನನ್ನ ಮಗಳಿದಾಳೆ. ಸ್ವಲ್ಪ... ಸ್ವಲ್ಪ ಹೊತ್ತಾಗುತ್ತೆ. ಮಹಡಿ ಮೇಲೆ ಇನ್ನೊಂದಿದೆಯಂತೆ. ತಪ್ಪು ತಿಳ್ಕೋಬೇಡಿ... ಹೂಂ, ಹೊಟ್ಟೆ ಸರಿಯಿಲ್ಲ ಹುಡುಗಿಗೆ. ಅಷ್ಟೆ, ಅಷ್ಟೆ.

…ಹೋದ್ರು ಬಿಡು. ಯಾರೋ ಹೆಂಗಸು. ನನ್ನ ಅವಸ್ಥೆ ನೋಡು, ಹೆಂಗಸರ ಚಿತ್ರ ಅಂಟಿಸಿರೋ ಬಾಗಿಲ ಮುಂದೆ ಇಷ್ಟು ದಪ್ಪ ಮೀಸೆ ಇಟ್ಕೊಂಡು ನಿಂತಿದೀನಿ. ನೋಡಿದವರು ಏನಂದ್ಕೋಬೇಕು!

ಆದರೂ ಇವತ್ತು ಎಷ್ಟು ಚೆನ್ನಾಗಿತ್ತು ಅಲ್ವಾ? ಪ್ರತಿ ವರ್ಷ ಈ ರಜೆಗೆ ಮನೇಲೇ ಅಡಿಗೆ, ನಾನು ಅಂಗಡಿಯಿಂದ ಒಳ್ಳೇ ತುಂಡು ಎತ್ತಿಟ್ಕೊಂಡು ಬರೋದು, ನಿಮ್ಮಮ್ಮ ಬೆಳಿಗ್ಗೆಯಿಂದ ಒಲೆ ಮುಂದೆ ಬೇಯೋದು. ಈ ಸಲ ನೋಡು, ಎಲ್ಲರೂ ಸ್ನಾನ ಮಾಡಿ, ಒಳ್ಳೇ ಬಟ್ಟೆ ಹಾಕ್ಕೊಂಡು, ಮಧ್ಯಾಹ್ನ ಕಿಟಕಿ ಪಕ್ಕದ ಮೇಜು! ನೀನು ಒಬ್ಬೊಬ್ಬರಿಗೂ ಕೂತು ವಿವರಿಸ್ತಿದ್ದೆ, ಇದು ಅಣಬೆ, ಇದು ಬೇಳೆ, ಇದರಲ್ಲಿ ಜೇನುತುಪ್ಪ ಕೂಡ ಇಲ್ಲ ಅಂತ. ಆ ಇಡೀ ಹೂಕೋಸು ಸುಟ್ಟು ತಂದಿಟ್ಟಾಗ, "ಕೊಡಿ ಇಲ್ಲಿ" ಅಂತ ಬಡಿಸೋನ ಕೈಯಿಂದ ಚಾಕು ಕಿತ್ಕೊಂಡು ನಾನೇ ಕೊಯ್ದೆ. ಅಭ್ಯಾಸ ನೋಡು, ಮೂಳೆ ಎಲ್ಲಿ ಮೂಳೆ ಎಲ್ಲಿ ಅಂತ ಹುಡುಕ್ತಿತ್ತು ಕೈ!

ನೀನು ತಿಂದೆ. ಹೂಂ ಕಣೆ, ತಿಂದೆ. ನಾನು ನೋಡ್ತಿದ್ದೆ... ನೋಡ್ತಿದ್ದೆ ಅಂದ್ರೆ, ಹಾಗೇ ಕಣ್ಣು ಬಿತ್ತು. ಮೊದಮೊದಲು ಆಚೆ ತಳ್ಳಿದ್ದು, ಈಚೆ ತಳ್ಳಿದ್ದು, ಸೊಪ್ಪಿನ ಎಲೆಯ ಕೆಳಗೆ ಬಚ್ಚಿಟ್ಟಿದ್ದು... ಆಮೇಲೆ ತಿಂದೆ. ಒಂದು ತುಂಡು ಪೂರ್ತಿ! ನನಗೆ ಆದ ಖುಷಿ ಎಷ್ಟು ಅಂತೀಯ, ಏನೋ ಯುದ್ಧ ಗೆದ್ದವನ ಹಾಗೆ ಇನ್ನೊಂದು ತುಂಡು ತೆಗೆದು ನಿನ್ನ ತಟ್ಟೆಗೆ ಹಾಕ್ದೆ. ನೀನು ನನ್ನ ಮುಖ ನೋಡ್ದೆ. ಅದನ್ನೂ ತಿಂದೆ. ಅಜ್ಜಿ ಅಂದ್ಲು, "ಊಟ ಬಲ್ಲವನಿಗೆ ರೋಗವಿಲ್ಲ, ನೋಡ್ರೋ, ಹುಡುಗಿ ತಟ್ಟೆ ಖಾಲಿ ಮಾಡಿದ್ಲು." ಚಿಕ್ಕಪ್ಪ ಚಪ್ಪಾಳೆ ತಟ್ಟಿದ. "ಭೇಷ್, ನಮ್ಮ ಗುಂಡೂ!" ಅಂದ.

ಆ ಹೆಸರು ಕರೀಬೇಡ ಅಂತ ಅವನಿಗೆ ಹೇಳಿದ್ದೆ. ಆಣೆ ಮಾಡಿ ಹೇಳ್ತೀನಿ, ಮನೇಲೇ ಕೂರಿಸಿ ಹೇಳಿದ್ದೆ. ಅವನ ನಾಲಿಗೆಗೆ ಎಲುಬಿಲ್ಲ, ಏನು ಮಾಡ್ಲಿ. ಮಗು ಆಗಿದ್ದಾಗಿಂದ ಅಭ್ಯಾಸ ಅಂತಾನೆ. ನಾನೂ ಹಾಗೇ ಕರೀತಿದ್ದೆ ಅಲ್ವಾ... ಎಷ್ಟು ಮುದ್ದಾಗಿದ್ದೆ ನೀನು.

ನಿಮ್ಮಮ್ಮ ಮಾತ್ರ ಚಮಚ ಕೆಳಗಿಟ್ಟಳು. ನಿನ್ನ ನೋಡಿದ್ಲು, ನನ್ನ ನೋಡಿದ್ಲು. ನೀರು ಕುಡಿದ್ಲು. ಅಷ್ಟರಲ್ಲಿ ನೀನು "ಕೈ ತೊಳೀಬೇಕು" ಅಂತ ಎದ್ದೆ.

ಕೈ ತೊಳೆಯೋಕೆ ಇಷ್ಟು ನೀರಾ ಮಗಾ?

ಇಲ್ಲ ಇಲ್ಲ, ಸುಮ್ಮನೆ ಕೇಳ್ದೆ. ತೊಳ್ಕೋ. ನೀರೇನು ನಮ್ಮಪ್ಪನ ಮನೇದಾ.

ನೋಡು, ನೀನು ಆವತ್ತು ಅಂಗಡಿಗೇ ಬಂದು "ಅಪ್ಪ, ಇನ್ಮೇಲೆ ನಾನು ವೀಗನ್" ಅಂದೆ ನೆನಪಿದೆಯಾ? ನನಗೆ ಆ ಪದಾನೇ ಗೊತ್ತಿರಲಿಲ್ಲ. "ವೀಗನ್ನೋ, ವೀಕನ್ನೋ" ಅಂತ ಚಿಕ್ಕಪ್ಪ ಹಲ್ಲು ಕಿಸಿದ. ನನಗೆ ಚುಚ್ಚಲಿಲ್ವಾ ಅಂದ್ರೆ, ಚುಚ್ಚಿತು. ನನ್ನ ಮಗಳಿಗೆ ನನ್ನ ಕಸುಬು ಕಂಡ್ರೆ ಹೇಸಿಗೆ ಅಂದ್ಕೊಂಡೆ. ಆದರೆ ಒಳಗೊಳಗೇ ಹೆಮ್ಮೆ ಕೂಡ ಕಣೆ! ಕಟುಕನ ಮನೇಲಿ ಎಂಥಾ ಕರುಳಿನ ಹುಡುಗಿ ಹುಟ್ಟಿದ್ಲು ಅಂತ. ಬಂದ ಗಿರಾಕಿಗೆಲ್ಲ ಹೇಳ್ದೆ, "ನನ್ನ ಮಗಳು ಪ್ರಾಣಿಗಳಿಗೋಸ್ಕರ ಮಾಂಸ ಬಿಟ್ಟಳು" ಅಂತ. ಒಂದು ಕಿಲೋ ಕಟ್ಟಿ ಕೊಡ್ತಾ ಹೇಳ್ದೆ, ನನ್ನ ಬುದ್ಧಿ ನೋಡು!

ಆಮೇಲೆ ಹಾಲು ಬಿಟ್ಟೆ. ಸರಿ. ಮೊಟ್ಟೆ, ಬೆಣ್ಣೆ. ಸರಿ. ನಿಮ್ಮಮ್ಮ ಬೇರೆ ಪಾತ್ರೆ, ಬೇರೆ ಸೌಟು ಇಟ್ಟಳು. ನಾನು ಬಾದಾಮಿ ನೆನೆಹಾಕಿ, ರುಬ್ಬಿ, ಬಟ್ಟೇಲಿ ಸೋಸಿ ಹಾಲು ಮಾಡ್ದೆ. ಈ ಕೈಯಲ್ಲಿ! ಆಮೇಲೆ ಎಣ್ಣೆ ಬೇಡ ಅಂದೆ. ಎಣ್ಣೆ ಯಾವ ಪ್ರಾಣಿದಪ್ಪಾ ಅಂತ ಯೋಚನೆ ಮಾಡ್ದೆ, ಕೇಳಲಿಲ್ಲ. ಆಮೇಲೆ ಬ್ರೆಡ್ಡು. "ಇದರಲ್ಲಿ ಬೆಣ್ಣೆ ಇರಬಹುದು." ಅನ್ನ. "ಈಗ ತಾನೇ ಗೆಳತಿ ಮನೇಲಿ ತಿಂದೆ." ಯಾವಾಗ ನೋಡಿದ್ರೂ ಈಗ ತಾನೇ ತಿಂದಿರ್ತೀಯ. ನಿನ್ನ ಗೆಳತಿ ಸಿಕ್ಕಿದ್ಲು, "ನಮ್ಮ ಮನೆಗೆ ಬಂದು ಎಷ್ಟು ದಿನ ಆಯ್ತು ಅಂಕಲ್, ಹೇಗಿದಾಳೆ?" ಅಂತ ನನ್ನನ್ನೇ ಕೇಳಿದ್ಲು. "ಚೆನ್ನಾಗಿದಾಳಮ್ಮ" ಅಂದೆ. ಇನ್ನೇನನ್ನಲಿ?

ಅದಕ್ಕೇ ಈ ಜಾಗ ಹುಡುಕಿದ್ದು. ಚಿಕ್ಕಪ್ಪ ಅಂತಾನೆ, ನಮ್ಮಣ್ಣನಿಗೆ ಮಗಳ ಮೇಲೆ ಪ್ರೀತಿ ಉಕ್ಕಿ ಇಲ್ಲಿಗೆ ಕರ್ಕೊಂಡು ಬಂದ ಅಂತ. ನಾನೇ ಮೊದಲು ಒಬ್ಬನೇ ಬಂದು ಕೇಳಿ ನೋಡ್ಕೊಂಡು ಹೋಗಿದ್ದೆ. ಹಾಲಿಲ್ಲ ತಾನೆ, ತುಪ್ಪ ಇಲ್ಲ ತಾನೆ, ಎಣ್ಣೆ ಇಲ್ಲದೆ ಮಾಡ್ತೀರಾ ಅಂತ. ಈ ಹೋಟೆಲಲ್ಲಾದ್ರೆ ಇದರಲ್ಲಿ ಅದಿದೆ, ಅದರಲ್ಲಿ ಇದಿದೆ ಅನ್ನೋ ಹಾಗೇ ಇಲ್ಲ, ಇಲ್ಲಿ ನಿನಗೆ ಒಂದು ನೆಪಾನೂ ಸಿಗಲ್ಲ, ಆಗ ನೋಡೇಬಿಡೋಣ ಅಂತ...

ನೆಪ ಅಂದ್ರೆ... ನಾನು ಹೇಳಿದ್ದು...

ಮಗಾ?

ನಲ್ಲಿ ಯಾಕೆ ನಿಲ್ಲಿಸ್ದೆ?

ಏನಾದ್ರೂ ಹೇಳೇ... ಬಾಯಿತಪ್ಪಿ ಬಂತು ಅದು. ನೆಪ ಅಂತಲ್ಲ, ಅದೇನೋ... ಅಯ್ಯೋ, ಹೀಗೆ ಸುಮ್ಮನಾಗಬೇಡ. ನಲ್ಲಿನಾದ್ರೂ ಬಿಡು. ಅದು ಸುರೀತಿದ್ರೆ ನನಗೂ ಮಾತಾಡೋಕೆ ಸುಲಭ. ಇಬ್ಬರಿಗೂ ಕೇಳಿಸಲ್ಲ.

…

ಹೂಂ. ಗೊತ್ತು.

ಗೊತ್ತು ಕಣೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ. ಮನೇಲೂ ದಿನಾ ಊಟ ಆದ ತಕ್ಷಣ ನಲ್ಲಿ ಸುರಿಯುತ್ತೆ, ತಿಂದಿದ್ದೆಲ್ಲ ಆಚೆ ಬಂದು ಅದರ ಜೊತೆ ಹೋಗುತ್ತೆ. ನಾನು ಟೀವಿ ಜೋರು ಮಾಡ್ತೀನಿ, ಅಜ್ಜಿಗೆ ಕೇಳಿಸದೇ ಇರ್ಲಿ ಅಂತ. ನಿಮ್ಮಮ್ಮ ಪಾತ್ರೆ ಸದ್ದು ಮಾಡ್ತಾಳೆ. ಅವಳು ನನಗೆ ಹೇಳಿಲ್ಲ, ನಾನು ಅವಳಿಗೆ ಹೇಳಿಲ್ಲ. ನೀನು ಮೂರು ಜನರಿಂದ ಮುಚ್ಚಿಟ್ಟಿದೀನಿ ಅಂದ್ಕೊಂಡಿದೀಯ. ನೀನು, ನಾನು, ನಿಮ್ಮಮ್ಮ ಮೂರೂ ಜನ ಸೇರಿ ಮುಚ್ತಿದೀವಿ.

ಆವತ್ತು ಮೆಟ್ಟಿಲ ಮೇಲೆ ಕಣ್ಣು ಕತ್ತಲಾಗಿ ಬಿದ್ದೆಯಲ್ಲ, ಪರೀಕ್ಷೆಗೆ ನಿದ್ದೆ ಕೆಟ್ಟಿದ್ದು ಅಂದೆಯಲ್ಲ. ಎತ್ತಿಕೊಂಡವನು ನಾನು. ಜೀವಮಾನ ಪೂರ್ತಿ ತೂಕ ಹಿಡಿದ ಕೈ ಇದು, ತಕ್ಕಡಿಗೆ ಹಾಕೋ ಮುಂಚೇನೇ ಹೇಳಿಬಿಡುತ್ತೆ. ನಿನ್ನನ್ನ ಕೋಟು, ಬೂಟು, ಪುಸ್ತಕದ ಚೀಲದ ಸಮೇತ ಎತ್ತಿದ್ದೆ. ಎತ್ತಿದ ಕ್ಷಣಕ್ಕೆ ಈ ಕೈ... ಬೇಡ. ಅದನ್ನ ಹೇಳಲ್ಲ. ನನ್ನ ಬಾಯಲ್ಲಿ ಹೇಳೋಕಾಗಲ್ಲ. ಆಮೇಲೆ ಅಂಗಡಿಗೆ ಹೋಗಿ ಚಾಕು ಹಿಡಿದೆ, ಕಡಿಯೋಕಾಗಲಿಲ್ಲ. ಬಾಗಿಲು ಎಳೆದು ಒಳಗೆ ಕೂತಿದ್ದೆ. ಕರೆಂಟಿಲ್ಲ ಅಂತ ಹೊರಗೆ ಬೋರ್ಡು ಹಾಕಿ.

ಡಾಕ್ಟರ ಹತ್ರಾನೂ ಹೋಗಿದ್ದೆ. ಹೂಂ, ನಿನ್ನ ಬಿಟ್ಟು, ನಾನೊಬ್ಬನೇ! ಅವರು ಒಳ್ಳೆಯವರು. "ಇದು ಹಟ ಅಲ್ಲ, ಕಾಯಿಲೆ. ಬೈಬೇಡಿ, ಹೊಗಳಬೇಡಿ, ಬಲವಂತ ಮಾಡಿ ತಿನ್ನಿಸಬೇಡಿ. ಹುಡುಗೀನ ಕರ್ಕೊಂಡು ಬನ್ನಿ" ಅಂದ್ರು. ಎಲ್ಲಾ ಕೇಳಿಸ್ಕೊಂಡು, ತಲೆ ಆಡಿಸಿ, ಬಂದು ನಾನೇನು ಮಾಡ್ದೆ? ಎಲ್ಲರ ಮುಂದೆ ನಿನ್ನ ಕೂರಿಸಿ, ಎರಡನೇ ತುಂಡು ಹಾಕ್ದೆ. ಅದು ನಿನ್ನ ಗಂಟಲಲ್ಲಿ ಇಳೀವಾಗ ನನ್ನ ಹೊಟ್ಟೆ ತುಂಬಿತು ಅಂದ್ಕೊಂಡೆ. ಎಂಥಾ ಪೆದ್ದ ನಾನು. ಎಂಥಾ...

ಏನು ಮಾಡ್ಲಿ ಹೇಳು. ಅಂಗಡಿ ಮುಚ್ಚಬೇಕಾ? ನಾಳೆಯಿಂದ ತರಕಾರಿ ಮಾರ್ತೀನಿ, ದಮ್ಮಯ್ಯ. ಆ ವಾಸನೆಗೆ, ಆ ರಕ್ತಕ್ಕೆ, ನನ್ನ ಮೇಲಿನ ಅಸಹ್ಯಕ್ಕೆ ಊಟ ಸೇರ್ತಿಲ್ಲ ಅಂತ ಒಂದು ಮಾತು ಹೇಳಿಬಿಡು. ಅದಕ್ಕಾದ್ರೆ ನನ್ನ ಹತ್ರ ಮದ್ದಿದೆ. ಚಾಕು ಕೆಳಗಿಟ್ಟರೆ ಆಯ್ತು. ಚಿಕ್ಕಪ್ಪನ ಬಾಯಿಂದ ಆಗಿದ್ರೆ ಹೇಳು, ಅವನ ಬಾಯಿ ಹೊಲಿದು ಹಾಕ್ತೀನಿ. ಯಾರೋ ಒಬ್ಬರ ತಪ್ಪು ಅಂತ ಹೇಳು ಮಗಾ. ನನ್ನದೇ ಅಂತ ಹೇಳು...

ಅಲ್ಲ ಅಲ್ವಾ?

ಗೊತ್ತಿತ್ತು. ಆದರೂ ಕೇಳ್ದೆ.

ಹಾಂ? ಬಂದ್ವಿ ಕಣೋ! ಇಲ್ಲೇ ಇದೀವಿ, ಇಬ್ಬರೂ! ಸಿಹಿ ಬಂದಿದ್ರೆ ನೀವು ಶುರು ಮಾಡಿ, ಕಾಯಬೇಡಿ! ಅಮ್ಮನಿಗೆ ಮೆತ್ತಗಿರೋದು ಕೊಡು!... ಚಿಕ್ಕಪ್ಪ. ಹೋದ ಬಿಡು. ಅವನಿಗೇನೂ ಗೊತ್ತಿಲ್ಲ.

ನನಗೂ ಏನೂ ಗೊತ್ತಿಲ್ಲ. ಬಾಗಿಲು ಒಡೀಬೇಕೋ, ಬಾಗಿಲಿಗೆ ಕೈ ಮುಗೀಬೇಕೋ ಅಂತಾನೂ ಗೊತ್ತಿಲ್ಲ. ತೆಗೀ ಅನ್ನಲ್ಲ. ಮುಖ ತೊಳ್ಕೊಂಡು ನಗ್ತಾ ಬಂದು ಕೂರು ಅಂತಾನೂ ಅನ್ನಲ್ಲ ಇವತ್ತು. ನಾನು ಇಲ್ಲೇ ನೆಲದ ಮೇಲೆ ಕೂತ್ಕೋತೀನಿ. ನೋಡಿದವರು ನೋಡ್ಲಿ. ಒಳ್ಳೇ ಪ್ಯಾಂಟು ಕೊಳೆಯಾದ್ರೆ ಆಗ್ಲಿ.

…

ಬಾಗಿಲ ಕೆಳಗಿನ ಬೆಳಕು ಯಾಕೆ ಮುಚ್ಚಿಹೋಯ್ತು?

ನೀನೂ ಕೂತ್ಯಾ?

ಒರಗಿಕೊಂಡಿದೀಯಾ ಬಾಗಿಲಿಗೆ?... ಮಾತಾಡಬೇಡ, ಮಾತಾಡಬೇಡ. ಬಾಗಿಲು ನಡುಗ್ತಿದೆ ಕಣೆ. ಇಲ್ಲಿ ನನ್ನ ಬೆನ್ನಿಗೆ ಗೊತ್ತಾಗ್ತಿದೆ.